ರುಚಿ ಬೇರೆ, ಷೇರು ಬೇರೆ

ಹೋಟಲಿಗೆ ಹೋಗಿ ತಿಂಡಿ ತಿಂದು, ಕಾಫಿ ಕುಡಿದು, ಬಿಲ್ಲಿನ ಹಣ ಕೊಟ್ಟು ಹೊರಗೆ ಬಂದರೆ ಗಿರಾಕಿಗೂ ಹೋಟಲಿಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತೆಂದು ನಮ್ಮ ಹಿರಿಯರು ತಿಳಿದಿದ್ದರು. ಮರುದಿನ ಹಸಿವಾದರೆ ಸಂಬಂಧ ಮತ್ತೆ ಮೊದಲಾಗುತ್ತಿತ್ತು. ಈಗ ಹಾಗಲ್ಲ. ಹತ್ತಾರು ಊರುಗಳಲ್ಲಿ ಶಾಖೆಗಳಿರುವ ಹೆಸರಾಂತ ಹೋಟಲು ಕಂಪನಿಯೊಂದು ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರುತ್ತೇನೆಂದು ಪ್ರಕಟಿಸಿದರೆ, ನಿನ್ನೆ ಮೇಜಿನ ಮುಂದೆ ಕುಳಿತು ತಿಂಡಿ ತಿಂದವನೇ ನಾಳೆ ಅದರ ಒಡೆಯರಲ್ಲಿ ಒಬ್ಬನಾಗಬಹುದು. ಅವನ ಪಾಲು ಸಮುದ್ರದಲ್ಲಿ ಒಂದು ಹನಿಯಷ್ಟೇ ಇರಬಹುದು; ಆದರೂ ಕಾನೂನಿನ ದೃಷ್ಟಿಯಲ್ಲಿ ಅವನು ಒಡೆಯನೇ. ಈ ಒಡೆತನವೆಂದರೇನು, ಅದಕ್ಕೆ ಎಷ್ಟು ಬೆಲೆ ಕೊಡುವುದು ಯುಕ್ತ, ಅದರಲ್ಲಿ ಸಾಮಾನ್ಯ ಸಂಸಾರಿಗೆ ಒದಗಬಹುದಾದ ಲಾಭನಷ್ಟಗಳೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಕೋಲಾರದ ಚಿನ್ನದ ಗಣಿಯ ಊರನ್ನೂ ಬಂಗಾರಪೇಟೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾತನ್ನು ಆಡಲು ಕಾರಣವುಂಟು. ಗಣಿಯ ಊರು ಹುಟ್ಟಿದ್ದೇ ಷೇರಿನ ಹಣದಿಂದ. ಅಲ್ಲಿಗೆ ರೈಲು ಕವಲೊಡೆಯುವ ಬಂಗಾರಪೇಟೆಯಾದರೋ ಇಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿರುವುದು ಒಂದು ರುಚಿಯಿಂದ. ಷೇರು ಮತ್ತು ರುಚಿ ಇವೆರಡೂ ಹತ್ತು ಮೈಲಿಯ ಅಂತರದಲ್ಲಿ ಒಟ್ಟಿಗೆ ದೊರೆಯುವ ಇಂಥ ಜಾಗ ಇನ್ನೊಂದಿರಲಾರದು. ಇನ್ನೂ ಒಂದು ಕಾರಣವಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೈಗೆ ಬಂದ ಹಣವೇ ಅಲ್ಲಿನ ಎಷ್ಟೋ ಮನೆಗಳಿಗೆ ಕಡೆಯ ಗಂಟಾಯಿತು. ಆ ಮನೆಗಳ ಮಕ್ಕಳು ಈಗ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿಯ ರೈಲಿಗೆ ಹಿಂದಿರುಗುತ್ತಾರೆ. ಬೆಂಗಳೂರಿನ ಹೋಟಲುಗಳ ರುಚಿ ಅವರಿಗೆ ಗೊತ್ತು. ಷೇರು ಕೊಳ್ಳುವ ಸಾಧನವೂ ಅಂಗೈಯಲ್ಲಿರುವ ಫೋನಿನಲ್ಲೇ ಇದೆ. ಎರಡು ನಿಲ್ದಾಣಗಳ ನಡುವೆ ರೈಲಿನಲ್ಲಿ ನಿಂತಂತೆಯೇ ಹದಿನೈದು ಸಾವಿರ ರೂಪಾಯಿಗೆ ಅರ್ಜಿ ಹಾಕಿಬಿಡಬಹುದು. ಹಣವನ್ನು ಹೂಡುವುದು ಇಷ್ಟು ಸುಲಭವಾದಾಗ, ಅದನ್ನು ಕುರಿತು ಯೋಚಿಸುವುದು ಸ್ವಲ್ಪ ಕಷ್ಟವಾದರೂ ಒಳ್ಳೆಯದೇ.

ಮೊದಲು ಗಣಿಯ ಕಥೆಯನ್ನು ನೋಡೋಣ. ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕ ನ್ಯೂಜಿಲೆಂಡಿನಲ್ಲಿ ಯುದ್ಧ ಮುಗಿಸಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ. ಇಂದಿನ ಲವೆಲ್ ರಸ್ತೆ ಅವನ ಹೆಸರಿನದೇ. 1875ರಲ್ಲಿ ಅವನು ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಚಿನ್ನ ತೆಗೆಯುವ ಹಕ್ಕನ್ನು ಪಡೆದ. ಅವನ ಕೈಯಲ್ಲಿದ್ದ ಹಣ ಆ ಕೆಲಸಕ್ಕೆ ಸಾಲಲಿಲ್ಲ. ಹಕ್ಕು ಕೈಯಿಂದ ಕೈಗೆ ಹೋಗಿ, 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಎಂಬುದು ಹುಟ್ಟಿತು. ಅದರ ಷೇರುಗಳನ್ನು ಕೊಂಡವರಲ್ಲಿ ಹೆಚ್ಚಿನವರು ಕೋಲಾರವನ್ನು ಕಂಡವರಲ್ಲ. ಅದು ಭೂಪಟದಲ್ಲಿ ಎಲ್ಲಿದೆಯೆಂಬುದನ್ನೂ ಅರಿತವರಲ್ಲ. ಅವರು ನಂಬಿದ್ದು ಚಿನ್ನದ ಹೆಸರನ್ನು. ಅದೇ ಕಾಲದಲ್ಲಿ ವೈನಾಡಿನಲ್ಲಿಯೂ ಚಿನ್ನವಿದೆಯೆಂಬ ಸುದ್ದಿ ಲಂಡನ್ನಿನ ಷೇರುಪೇಟೆಯನ್ನು ಹುಚ್ಚೆಬ್ಬಿಸಿತ್ತು. ಒಂದೆರಡು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ತಲೆಯೆತ್ತಿದವು. ಮಾದರಿಯ ಕಲ್ಲುಗಳಲ್ಲಿ ಚಿನ್ನ ಮಿನುಗುತ್ತಿದ್ದುದು ಸುಳ್ಳಲ್ಲ. ಆದರೆ ಮಾದರಿಯಲ್ಲಿ ಕಂಡ ಚಿನ್ನ ನೆಲದಲ್ಲಿ ಅಷ್ಟು ಪ್ರಮಾಣದಲ್ಲಿ ಇರಲಿಲ್ಲ. ಆ ಕಂಪನಿಗಳು ಒಂದೊಂದಾಗಿ ಮುಳುಗಿ, ಷೇರು ಕೊಂಡವರ ಹಣ ಮಣ್ಣುಪಾಲಾಯಿತು.

ಕೋಲಾರದಲ್ಲಿಯೂ ಮೊದಲ ಐದು ವರ್ಷ ಅದೇ ಗತಿಯಾಗುವಂತೆ ತೋರಿತು. ಬಂಡವಾಳದ ಬಹುಪಾಲು ಕರಗಿಹೋಗಿತ್ತು. ಒಂದು ಪೌಂಡಿನ ಷೇರು ಕೆಲವೇ ಪೆನ್ನಿಗಳಿಗೆ ಇಳಿದಿತ್ತು. ಉಳಿದ ಅಲ್ಪ ಹಣವನ್ನು ಹಂಚಿಕೊಂಡು ಅಂಗಡಿ ಮುಚ್ಚೋಣವೆಂದು ಪಾಲುದಾರರಲ್ಲಿ ಹಲವರು ಹೇಳಿದರು. ಇನ್ನೊಂದು ಪ್ರಯತ್ನ ಮಾಡೋಣವೆಂದು ಜಾನ್ ಟೇಲರ್ ಸಂಸ್ಥೆಯವರು ಒಡಂಬಡಿಸಿದರು. ಕ್ಯಾಪ್ಟನ್ ಪ್ಲಮ್ಮರ್ ಎಂಬವನು ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೇ ಆಳಕ್ಕೆ ಇಳಿದು ನೋಡಿದ. ಅಲ್ಲಿ ಚಾಂಪಿಯನ್ ಎಂದು ಮುಂದೆ ಹೆಸರಾದ ಚಿನ್ನದ ಎಳೆ ಸಿಕ್ಕಿತು. ಆಮೇಲಿನದು ಎಲ್ಲರೂ ಬಲ್ಲ ಇತಿಹಾಸ. 1894ರಲ್ಲಿ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಒಟ್ಟು ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ಎಂಟುನೂರು ಟನ್ ಚಿನ್ನ ಆ ನೆಲದಿಂದ ಹೊರಬಿತ್ತು.

ವೈನಾಡಿನ ಷೇರು ಕೊಂಡವನೂ ಕೋಲಾರದ ಷೇರು ಕೊಂಡವನೂ ನೋಡಿದ್ದು ಒಂದೇ ಬಗೆಯ ಹೊಳೆಯುವ ಕಲ್ಲನ್ನು. ಒಬ್ಬ ಹಾಳಾದ, ಇನ್ನೊಬ್ಬ ಉದ್ಧಾರವಾದ. ಇದರಿಂದ ತಿಳಿಯಬೇಕಾದದ್ದಿಷ್ಟು: ಮಾದರಿಯೇ ಗಣಿಯಲ್ಲ. ಹೋಟಲಿನ ವಿಷಯದಲ್ಲಿ ನಮ್ಮ ತಟ್ಟೆಗೆ ಬಂದು ಬೀಳುವ ದೋಸೆಯೂ ಒಂದು ಮಾದರಿಯೇ. ಅದು ಗರಿಗರಿಯಾಗಿರಬಹುದು. ಆದರೆ ಕಂಪನಿಯ ಸಾಲವೆಷ್ಟು, ಬಾಡಿಗೆಯೆಷ್ಟು, ಲಾಭವೆಷ್ಟು ಎಂಬುದನ್ನು ದೋಸೆ ಹೇಳುವುದಿಲ್ಲ.

ಮನೆಗಳಲ್ಲಿ ಇಂಥ ಮಾತು ನಡೆಯುವುದನ್ನು ಯಾರು ಬೇಕಾದರೂ ಊಹಿಸಿಕೊಳ್ಳಬಹುದು. ಮಗ ಹೇಳುತ್ತಾನೆ: ‘ಅಪ್ಪ, ಆ ಹೋಟಲಿನ ಷೇರು ಬರ್ತಾ ಇದೆ, ನಾವೂ ಹಾಕೋಣ.’ ಅಪ್ಪ ಕೇಳುತ್ತಾರೆ: ‘ವ್ಯಾಪಾರ ಹೇಗಿದೆಯಪ್ಪ ಅವರದು?’ ‘ಯಾವಾಗ ಹೋದರೂ ಕೂತ್ಕೊಳ್ಳೋಕೆ ಜಾಗವೇ ಸಿಗಲ್ಲ.’ ‘ಜಾಗ ಸಿಗಲಿಲ್ಲ ಅಂದರೆ ಜನ ಬರ್ತಾರೆ ಅಂತಾಯಿತು. ದುಡ್ಡು ಉಳಿಯುತ್ತೆ ಅಂತ ಎಲ್ಲಾಯಿತು?’ ಆ ತಂದೆಯ ಪ್ರಶ್ನೆಯಲ್ಲಿ ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬಹುದು.

ಬಂಗಾರಪೇಟೆಯ ಪಾನಿಪುರಿಯನ್ನು ತಿಂದವರಿಗೆ ಅದರ ವೈಶಿಷ್ಟ್ಯ ಗೊತ್ತು. ಬೇರೆ ಕಡೆಗಳಲ್ಲಿ ಪುರಿಯೊಳಗೆ ಹಸಿರು ಬಣ್ಣದ ನೀರು ತುಂಬಿದರೆ, ಇಲ್ಲಿನದು ಬಣ್ಣವೇ ಇಲ್ಲದ ನೀರು. ನೋಡಿದರೆ ಬಾವಿಯಿಂದ ಈಗತಾನೆ ಸೇದಿದಂತಿರುತ್ತದೆ; ಬಾಯಿಗೆ ಹಾಕಿಕೊಂಡರೆ ಖಾರ ನೆತ್ತಿಗೇರುತ್ತದೆ. ಈಗ ಅಂಥ ಒಂದು ಅಂಗಡಿಯಿದೆಯೆಂದು ಕಲ್ಪಿಸಿಕೊಳ್ಳಿ. ಹಿಟ್ಟು, ಎಣ್ಣೆ, ಬಾಡಿಗೆ, ಆಳುಗಳ ಸಂಬಳ, ಯಜಮಾನನ ಸ್ವಂತ ದುಡಿಮೆಯ ಕೂಲಿ ಎಲ್ಲವನ್ನೂ ಕಳೆದು ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಉಳಿಯುತ್ತದೆನ್ನಿ. ಯಜಮಾನ ತನ್ನ ಅಂಗಡಿಯನ್ನು ಸಾವಿರ ಪಾಲುಗಳಾಗಿ ವಿಂಗಡಿಸುತ್ತಾನೆ. ಒಂದೊಂದು ಪಾಲಿಗೆ ವರ್ಷಕ್ಕೆ ನಾನೂರು ರೂಪಾಯಿಯ ಲಾಭ ಸಲ್ಲುತ್ತದೆ. ಪಾಲಿನ ಬೆಲೆ ನಾಲ್ಕು ಸಾವಿರ ಎಂದರೆ, ಹತ್ತು ವರ್ಷದ ಲಾಭವನ್ನು ಮುಂಗಡವಾಗಿ ತೆತ್ತಂತಾಯಿತು. ಬೆಲೆ ನಲವತ್ತು ಸಾವಿರ ಎಂದರೆ ನೂರು ವರ್ಷದ ಲಾಭವನ್ನು ತೆತ್ತಂತೆ. ಅಂಗಡಿ ಅದೇ, ನೀರು ಅದೇ, ಖಾರವೂ ಅದೇ. ಒಂದು ಬೆಲೆಗೆ ಅದು ಒಳ್ಳೆಯ ವ್ಯವಹಾರ. ಇನ್ನೊಂದು ಬೆಲೆಗೆ ಅವಿವೇಕ. ಷೇರು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಯಾವ ಬೆಲೆಗೆ ಒಳ್ಳೆಯದು ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ನೂರು ವರ್ಷದ ಲಾಭವನ್ನು ಯಾರಾದರೂ ಕೊಟ್ಟಾರೆಯೆ? ಕೊಡುತ್ತಾರೆ, ಏಕೆಂದರೆ ಅಂಗಡಿ ಬೆಳೆಯುತ್ತದೆಂಬ ನಂಬಿಕೆ ಅವರಿಗಿರುತ್ತದೆ. ಇಂದು ಒಂದು ಅಂಗಡಿ, ಐದು ವರ್ಷದಲ್ಲಿ ಹತ್ತು ಅಂಗಡಿ, ಲಾಭವೂ ಹತ್ತರಷ್ಟು, ಆಗ ನಲವತ್ತು ಸಾವಿರ ಹೆಚ್ಚೇನಲ್ಲ ಎಂಬುದು ಅವರ ಲೆಕ್ಕ. ಆದರೆ ಹತ್ತು ಅಂಗಡಿಗಳಿಗೆ ಹಣ ಎಲ್ಲಿಂದ ಬರಬೇಕು? ಸಾಲ ತಂದರೆ ಬಡ್ಡಿ ಲಾಭವನ್ನು ತಿನ್ನುತ್ತದೆ. ಹೊಸದಾಗಿ ಇನ್ನೂ ಸಾವಿರ ಪಾಲುಗಳನ್ನು ಮಾರಿದರೆ, ಸಾವಿರದಲ್ಲಿ ಒಂದಾಗಿದ್ದ ನಿಮ್ಮ ಪಾಲು ಎರಡು ಸಾವಿರದಲ್ಲಿ ಒಂದಾಗುತ್ತದೆ. ಇದಲ್ಲದೆ ಮೊದಲ ಅಂಗಡಿಯಲ್ಲಿ ಯಜಮಾನ ತಾನೇ ನಿಂತು ನೀರು ಹದ ಮಾಡುತ್ತಿದ್ದ. ಹತ್ತನೆಯ ಅಂಗಡಿಯಲ್ಲಿ ಆ ಹದವನ್ನು ಯಾರು ನೋಡುತ್ತಾರೆ? ಬೆಂಗಳೂರಿನ ಬೀದಿಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಫಲಕಗಳಿಗೆ ಲೆಕ್ಕವಿಲ್ಲ. ಎಲ್ಲ ಕಡೆಯೂ ಹೆಸರು ಒಂದೇ. ನಾಲಗೆಗೆ ಮಾತ್ರ ಎಲ್ಲವೂ ಒಂದೇ ಅಲ್ಲವೆಂಬುದು ಗೊತ್ತಾಗುತ್ತದೆ. ಹೋಟಲು ವ್ಯಾಪಾರದಲ್ಲಿ ಶಾಖೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಬೆಳವಣಿಗೆಯಾಯಿತೆಂದು ಹೇಳುವಂತಿಲ್ಲ. ಹಳೆಯ ಶಾಖೆಗಳಲ್ಲಿ ವ್ಯಾಪಾರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಮೊದಲು ನೋಡಬೇಕು. ಹೊಸ ಶಾಖೆಗಳ ಗದ್ದಲದಲ್ಲಿ ಹಳೆಯವುಗಳ ನಿಶ್ಶಕ್ತಿ ಮರೆಯಾಗಿರುವುದುಂಟು.

ಇನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ದೊಡ್ಡ ನಿದರ್ಶನಕ್ಕೆ ಬರೋಣ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಆರಂಭವಾಯಿತು. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಅದರ ಸ್ಥಾಪಕರು. ಇಪ್ಪತ್ತು ವರ್ಷದೊಳಗೆ ಅದು ದೇಶದ ಊರೂರುಗಳಲ್ಲಿ ಶಾಖೆಗಳನ್ನು ತೆರೆದು, ಕಾಲೇಜು ಹುಡುಗರಿಂದ ಹಿಡಿದು ವ್ಯಾಪಾರಸ್ಥರವರೆಗೆ ಎಲ್ಲರೂ ಕುಳಿತು ಮಾತಾಡುವ ಚಾವಡಿಯಂತಾಯಿತು. 2015ರ ಅಕ್ಟೋಬರಿನಲ್ಲಿ ಅದರ ಮಾತೃಸಂಸ್ಥೆಯಾದ ಕಾಫಿ ಡೇ ಎಂಟರ್‌ಪ್ರೈಸಸ್ 1,150 ಕೋಟಿ ರೂಪಾಯಿಯ ಷೇರುಗಳನ್ನು ಸಾರ್ವಜನಿಕರಿಗೆ ನೀಡಿತು. ಷೇರೊಂದರ ಬೆಲೆ 328 ರೂಪಾಯಿ. ಕನ್ನಡಿಗರಲ್ಲಿ ಅನೇಕರು ಇದು ನಮ್ಮವರ ಕಂಪನಿ, ಇದರ ಕಾಫಿ ನಾವು ಕುಡಿದಿದ್ದೇವೆ ಎಂಬ ಅಭಿಮಾನದಿಂದ ನೋಡಿದ್ದು ಸಹಜ.

ಆದರೆ 328 ರೂಪಾಯಿ ಕೊಟ್ಟವನು ಕೊಂಡದ್ದು ಏನನ್ನು? ಕಾಫಿಯ ಅಂಗಡಿಗಳನ್ನು ಮಾತ್ರವೇ ಅಲ್ಲ. ಆ ಮಾತೃಸಂಸ್ಥೆಯ ಅಡಿಯಲ್ಲಿ ಬಂದರುಗಳಲ್ಲಿ ಸರಕು ಸಾಗಿಸುವ ಸಿಕಾಲ್ ಎಂಬ ಕಂಪನಿಯಿತ್ತು, ಬೆಂಗಳೂರಿನ ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಎಂಬ ಕಚೇರಿ ಸಂಕೀರ್ಣವಿತ್ತು, ಷೇರು ದಲ್ಲಾಳಿಯ ವೇ ಟು ವೆಲ್ತ್ ಇತ್ತು, ಮೈಂಡ್‌ಟ್ರೀ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ಪಾಲಿತ್ತು, ವಿಹಾರಧಾಮಗಳಿದ್ದವು. ಇವೆಲ್ಲದರ ಜೊತೆಗೆ ಸಾಲವೂ ಇತ್ತು. ಷೇರು ಮಾರಿ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಾಲ ತೀರಿಸಲು ಬಳಸುತ್ತೇವೆಂದು ಕಂಪನಿಯೇ ತನ್ನ ವಿವರಪತ್ರದಲ್ಲಿ ಬರೆದಿತ್ತು. ಹಿಂದಿನ ವರ್ಷ ನಷ್ಟವಾಗಿದ್ದುದೂ ಅದರಲ್ಲಿತ್ತು. ಅಂದರೆ ಯಾವುದೂ ಬಚ್ಚಿಟ್ಟ ವಿಷಯವಲ್ಲ. ಓದಿದವರಿಗೆ ಅದು ತೆರೆದ ಪುಸ್ತಕ. ಕಾಫಿಯ ಕಪ್ಪನ್ನಷ್ಟೇ ನೋಡಿದವರಿಗೆ ಮಾತ್ರ ಮುಚ್ಚಿದ ಪುಸ್ತಕ. ನವೆಂಬರ್ 2ರಂದು ಪೇಟೆಯಲ್ಲಿ ವಹಿವಾಟು ಮೊದಲಾದ ದಿನವೇ ಷೇರು ಸುಮಾರು 270 ರೂಪಾಯಿಗೆ ಇಳಿಯಿತು.

ಆಮೇಲೆ ನಡೆದದ್ದು ದುಃಖದ ಕಥೆ. 2019ರ ಜುಲೈ ಕೊನೆಯಲ್ಲಿ ಸಿದ್ಧಾರ್ಥರು ಮಂಗಳೂರಿನ ಬಳಿ ನೇತ್ರಾವತಿ ನದಿಯಲ್ಲಿ ಮರಣ ಹೊಂದಿದರು. ನಾಡೇ ಮರುಗಿತು. ಮರುವರ್ಷ ಹೊರಬಂದ ತನಿಖಾ ವರದಿಯ ಪ್ರಕಾರ, ಅವರದೇ ಆದ ಮತ್ತೊಂದು ಖಾಸಗಿ ಸಂಸ್ಥೆಯಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ ಸುಮಾರು 3,535 ಕೋಟಿ ರೂಪಾಯಿ ಬರಬೇಕಾಗಿತ್ತು. ಈ ಸಂಬಂಧ ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿ 2023ರ ಜನವರಿಯಲ್ಲಿ ಕಂಪನಿಗೆ 26 ಕೋಟಿ ರೂಪಾಯಿ ದಂಡ ವಿಧಿಸಿತು. ಇದಕ್ಕೆ ಮೊದಲೇ, 2020ರ ಆರಂಭದಿಂದ ಒಂದು ವರ್ಷಕ್ಕೂ ಮಿಕ್ಕಿ ಷೇರಿನ ವಹಿವಾಟೇ ನಿಂತುಹೋಗಿತ್ತು. ಆ ಅವಧಿಯಲ್ಲಿ ಮಗಳ ಮದುವೆಗೋ ಮನೆಯವರ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾದವನು ಮಾರುತ್ತೇನೆಂದರೂ ಮಾರುವಂತಿರಲಿಲ್ಲ. ವಹಿವಾಟು ಮತ್ತೆ ಮೊದಲಾದ ಮೇಲೂ ಬೆಲೆ ವರ್ಷಗಟ್ಟಲೆ ನೂರು ರೂಪಾಯಿಯ ಕೆಳಗೇ ಉಳಿಯಿತು. ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆಯವರು ಆಡಳಿತದ ಹೊಣೆ ಹೊತ್ತು, ಆಸ್ತಿಗಳನ್ನು ಮಾರಿ ಸಾಲದ ಬಹುಭಾಗವನ್ನು ಇಳಿಸಿದ್ದು ಮೆಚ್ಚತಕ್ಕ ಸಂಗತಿ. ಆದರೆ ಸಾಲಗಾರರಿಗೆ ಹಣ ಸಂದಾಯವಾದ ಮೇಲೆ ಉಳಿದದ್ದು ಮಾತ್ರ ಷೇರುದಾರನದು. ಪಂಕ್ತಿಯಲ್ಲಿ ಅವನ ಎಲೆ ಯಾವಾಗಲೂ ಕಡೆಯದು. ಈ ಎಲ್ಲ ವರ್ಷಗಳಲ್ಲಿಯೂ ಅಂಗಡಿಯ ಕಾಫಿಯ ರುಚಿಯೇನೂ ಕೆಟ್ಟಿರಲಿಲ್ಲವೆಂಬುದನ್ನು ನೆನಪಿಡಬೇಕು.

ಹೆಸರು ನಂಬಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟಲು 1924ರಿಂದ ಬಂದ ಮನೆತನದ ಸಂಸ್ಥೆ. ಅದೇ ಹೆಸರಿನಲ್ಲಿ ಸಾಂಬಾರು ಪುಡಿ, ರವೆ ಇಡ್ಲಿಯ ಹಿಟ್ಟು ಮುಂತಾದವನ್ನು ಪೊಟ್ಟಣ ಕಟ್ಟಿ ಮಾರುವ ಕಂಪನಿಯನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡಿತು. ಹೋಟಲು ಮಾತ್ರ ಮನೆತನದವರ ಬಳಿಯೇ ಉಳಿಯಿತು. 2025ರಲ್ಲಿ ಓರ್ಕ್ಲಾ ಇಂಡಿಯಾದ ಷೇರುಗಳು ಪೇಟೆಗೆ ಬಂದಾಗ, ಅದನ್ನು ಕೊಂಡವನು ಪೊಟ್ಟಣದ ವ್ಯಾಪಾರದಲ್ಲಿ ಪಾಲುದಾರನಾದನೇ ಹೊರತು, ಬೆಳಗಾದರೆ ಜನ ಸಾಲುಗಟ್ಟಿ ನಿಲ್ಲುವ ಲಾಲ್‌ಬಾಗ್ ರಸ್ತೆಯ ಹೋಟಲಿನಲ್ಲಲ್ಲ. ಒಂದೇ ಹೆಸರಿನ ಎರಡು ಮನೆಗಳಲ್ಲಿ ಯಾವುದರ ಬಾಗಿಲು ತಟ್ಟುತ್ತಿದ್ದೇವೆಂದು ತಿಳಿದೇ ತಟ್ಟಬೇಕು.

ಆ ಷೇರು ಮಾರಾಟದಲ್ಲಿ ಇನ್ನೊಂದು ವಿಶೇಷವಿತ್ತು. ಬಂದ ಹಣದಲ್ಲಿ ಒಂದು ರೂಪಾಯಿಯೂ ಕಂಪನಿಗೆ ಹೋಗಲಿಲ್ಲ. ಎಲ್ಲವೂ ಮೊದಲಿನ ಪಾಲುದಾರರಿಗೆ ಸಂದಿತು. ಇದರಲ್ಲಿ ತಪ್ಪೇನೂ ಇಲ್ಲ. ತಮ್ಮ ಪಾಲನ್ನು ಮಾರುವ ಹಕ್ಕು ಅವರಿಗಿದೆ. ಆದರೆ ಎರಡು ಬಗೆಯ ಮಾರಾಟದ ಭೇದವನ್ನು ಕೊಳ್ಳುವವನು ತಿಳಿದಿರಬೇಕು. ಕಂಪನಿ ಹೊಸ ಷೇರುಗಳನ್ನು ಹುಟ್ಟಿಸಿ ಮಾರಿದರೆ ಹಣ ಕಂಪನಿಯ ಪೆಟ್ಟಿಗೆಗೆ ಬರುತ್ತದೆ. ಅದರಿಂದ ಹೊಸ ಅಡುಗೆಮನೆ ಕಟ್ಟಬಹುದು, ಸಾಲ ತೀರಿಸಬಹುದು. ಹಳೆಯ ಪಾಲುದಾರರು ತಮ್ಮ ಷೇರುಗಳನ್ನು ಮಾರಿದರೆ ಹಣ ಅವರ ಜೇಬಿಗೆ. 2021ರ ಮಾರ್ಚಿಯಲ್ಲಿ ಬೆಂಗಳೂರಿನ ಬಾರ್ಬೆಕ್ಯೂ ನೇಷನ್ ಕಂಪನಿ ಸುಮಾರು 453 ಕೋಟಿ ರೂಪಾಯಿಯ ಷೇರುಗಳನ್ನು 500 ರೂಪಾಯಿಯ ದರದಲ್ಲಿ ಮಾರಿದಾಗ, ಕಂಪನಿಗೆ ಬಂದದ್ದು 180 ಕೋಟಿ ಮಾತ್ರ. ಉಳಿದದ್ದು ತಮ್ಮ ಷೇರುಗಳನ್ನು ಮಾರುತ್ತಿದ್ದ ಹಳೆಯ ಪಾಲುದಾರರಿಗೆ. ಒಳಗಿದ್ದವರು ಹೊರಗೆ ಹೋಗುವಾಗ ಹೊರಗಿರುವವರು ಒಳಗೆ ಬರಲು ನೂಕಾಡುತ್ತಿದ್ದರೆ, ಅವರೇಕೆ ಹೋಗುತ್ತಿದ್ದಾರೆಂದು ಒಂದು ಕ್ಷಣ ನಿಂತು ಕೇಳುವುದು ತಪ್ಪಲ್ಲ.

ಮತ್ತೆ ಕೆಲವರು ಬೇರೊಂದು ಲೆಕ್ಕ ಹಾಕುತ್ತಾರೆ. ‘ನನಗೆ ಕಂಪನಿಯ ಒಡೆತನವೂ ಬೇಡ, ಲಾಭಾಂಶವೂ ಬೇಡ, ಮೊದಲ ದಿನವೇ ಮಾರಿ ಹೊರಗೆ ಬರುತ್ತೇನೆ’ ಎಂಬುದು ಅವರ ಮಾತು. ಅದಕ್ಕೂ ನಿದರ್ಶನವುಂಟು. 2020ರ ಡಿಸೆಂಬರಿನಲ್ಲಿ ಬರ್ಗರ್ ಕಿಂಗ್ ಅಂಗಡಿಗಳನ್ನು ಭಾರತದಲ್ಲಿ ನಡೆಸುವ ಕಂಪನಿ 60 ರೂಪಾಯಿಗೆ ಷೇರು ನೀಡಿತು. ಇನ್ನೂರೈವತ್ತು ಷೇರುಗಳ ಒಂದು ಕಂತೆಗೆ 15,000 ರೂಪಾಯಿ. ಇದ್ದ ಷೇರುಗಳಿಗಿಂತ ಬಂದ ಬೇಡಿಕೆ ಒಟ್ಟು 150 ಪಟ್ಟಿಗೂ ಹೆಚ್ಚು. ಡಿಸೆಂಬರ್ 14ರಂದು ಪೇಟೆಯಲ್ಲಿ ಅದು ಸುಮಾರು 115 ರೂಪಾಯಿಗೆ ತೆರೆಯಿತು. ಅದೇ ವಾರ ಇನ್ನೂರನ್ನೂ ದಾಟಿತು. ಕಂತೆ ಸಿಕ್ಕವರು ಹಿಗ್ಗಿದರು. ಆದರೆ ಅಷ್ಟು ಜನರ ನಡುವೆ ಚೀಟಿ ಎತ್ತಿ ಹಂಚುವಾಗ ಬಹುಮಂದಿಗೆ ಸಿಕ್ಕಿದ್ದು ಬರಿಗೈ. ಸಿಗದವರಲ್ಲಿ ಕೆಲವರು ಆಸೆ ತಡೆಯಲಾರದೆ ಇನ್ನೂರರ ಹತ್ತಿರ ಪೇಟೆಯಲ್ಲಿ ಕೊಂಡರು. ನಷ್ಟವಾದದ್ದು ಅವರಿಗೆ. ಆ ಷೇರು ಮುಂದಿನ ವರ್ಷಗಳಲ್ಲಿ ನೂರರ ಕೆಳಗಿಳಿದು, 2025ರ ಆರಂಭದ ತಿಂಗಳುಗಳಲ್ಲಿ ಮೊದಲಿನ 60 ರೂಪಾಯಿಯ ಆಸುಪಾಸಿನಲ್ಲೇ ಸುಳಿಯುತ್ತಿತ್ತು. ಹಂಚಿಕೆಯಲ್ಲಿ ಸಿಕ್ಕಿದರೆ ಅದೃಷ್ಟ ಎನ್ನಬಹುದು; ಸಿಗಲಿಲ್ಲವೆಂಬ ಹಟಕ್ಕೆ ಮೂರರಷ್ಟು ಬೆಲೆ ಕೊಟ್ಟು ಕೊಳ್ಳುವುದಕ್ಕೆ ಮಾತ್ರ ಅದೃಷ್ಟವನ್ನು ದೂರುವಂತಿಲ್ಲ.

ಹೀಗೆಂದ ಮಾತ್ರಕ್ಕೆ ಹೋಟಲುಗಳ ಷೇರೇ ಕೆಟ್ಟದ್ದೆಂದು ತಿಳಿಯಬಾರದು. ಡಾಮಿನೋಸ್ ಪಿಜ್ಜಾ ಅಂಗಡಿಗಳನ್ನು ನಡೆಸುವ ಜುಬಿಲಂಟ್ ಫುಡ್‌ವರ್ಕ್ಸ್ 2010ರಲ್ಲಿ 145 ರೂಪಾಯಿಗೆ ಷೇರು ನೀಡಿತು. 2018ರಲ್ಲಿ ಒಂದಕ್ಕೆ ಒಂದು ಉಚಿತ ಷೇರು ಕೊಟ್ಟಿತು. 2022ರಲ್ಲಿ ಒಂದನ್ನು ಐದಾಗಿ ಒಡೆಯಿತು. ಹಾಗಾಗಿ ಮೊದಲ ದಿನದಿಂದ ಇಟ್ಟುಕೊಂಡವನ ಒಂದು ಷೇರು ಹತ್ತಾಯಿತು. ಆ ಹತ್ತರಲ್ಲಿ ಒಂದೊಂದೂ ಮೊದಲು ಕೊಟ್ಟ ಬೆಲೆಯ ಹಲವು ಪಟ್ಟಾಯಿತು. ಅಲ್ಲಿ ಪಿಜ್ಜಾ ತಿಂದು ಮೆಚ್ಚಿದವರಿಗೆಲ್ಲ ಈ ಲಾಭ ದೊರೆಯಲಿಲ್ಲ. ವರ್ಷಾನುಗಟ್ಟಲೆ ಬೇರೆ ಅಗತ್ಯಕ್ಕೆ ಬೇಡವಾಗಿದ್ದ ಹಣವನ್ನು ಹಾಕಿ, ನಡುವೆ ಬೆಲೆ ಇಳಿದಾಗಲೂ ಹೆದರದೆ ಕಾದವರಿಗೆ ದೊರೆಯಿತು. ಕೋಲಾರದ ಷೇರು ಕೆಲವು ಪೆನ್ನಿಗಿಳಿದಾಗ ಹಿಡಿದುಕೊಂಡವರ ಕಥೆಯೂ ಇದೇ. ಆದರೆ ಹಿಡಿದುಕೊಂಡವರೆಲ್ಲ ಗೆಲ್ಲುತ್ತಾರೆಂದು ಹೇಳಿದರೆ ವೈನಾಡಿನವರು ಎದ್ದು ಬಂದು ಸಾಕ್ಷಿ ಹೇಳಿಯಾರು. ತಾಳ್ಮೆಗೆ ಫಲವಿರುವುದು ನೆಲದಲ್ಲಿ ಚಿನ್ನವಿದ್ದಾಗ ಮಾತ್ರ.

ನೆಲದಲ್ಲಿ ಚಿನ್ನವಿದೆಯೇ ಎಂದು ಸಾಮಾನ್ಯನು ನೋಡುವುದು ಹೇಗೆ? ಕಂಪನಿ ಸೆಬಿಗೆ ಒಪ್ಪಿಸುವ ವಿವರಪತ್ರ ನೂರಾರು ಪುಟಗಳ ಇಂಗ್ಲಿಷ್ ಗ್ರಂಥ. ಅದನ್ನೆಲ್ಲ ಓದುವುದು ಎಲ್ಲರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಮೂರು ಭಾಗಗಳನ್ನು ಓದಿದರೆ ಸಾಕು. ಷೇರಿನ ಹಣವನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ಒಂದು. ಕಳೆದ ಮೂರು ವರ್ಷಗಳ ಲಾಭನಷ್ಟ ಮತ್ತು ಸಾಲ ಎಂಬುದು ಇನ್ನೊಂದು. ಕಂಪನಿಗೆ ಒದಗಬಹುದಾದ ಅಪಾಯಗಳೆಂದು ಅವರೇ ಬರೆದುಕೊಂಡಿರುವುದು ಮತ್ತೊಂದು. ತನ್ನ ದೋಷಗಳನ್ನು ತಾನೇ ಪಟ್ಟಿ ಮಾಡಿ ಮುಂದಿಡುವಂತೆ ಕಾನೂನು ಕಡ್ಡಾಯ ಮಾಡಿರುವುದು ವ್ಯಾಪಾರ ಪ್ರಪಂಚದಲ್ಲಿ ಅಪರೂಪ. ವರ ನೋಡಲು ಹೋದಾಗ ಅವನ ಕಡೆಯವರೇ ಅವನ ಕುಂದುಗಳನ್ನು ಓದಿ ಹೇಳಿದಂತೆ! ಅದನ್ನು ಕೇಳದೆ ಎದ್ದು ಬರುವುದು ನಷ್ಟ. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯುಳ್ಳ ಕಂಪನಿಯಾದರೆ ಬೆಲೆಯ ವಿವರದ ಜಾಹೀರಾತು ಕನ್ನಡ ದಿನಪತ್ರಿಕೆಯಲ್ಲಿಯೂ ಬರುತ್ತದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಅವರಿಂದ ಓದಿಸಿ ಕೇಳಿದರೂ ಆಯಿತು. ಅವರಿಗೂ ಒಂದು ಪಾಠವಾದೀತು.

ಅರ್ಜಿ ಹಾಕುವ ಕ್ರಮವಂತೂ ಹಿಂದಿಗಿಂತ ಸುರಕ್ಷಿತವಾಗಿದೆ. ಹಿಂದೆ ಅರ್ಜಿಯೊಡನೆ ಚೆಕ್ಕು ಕೊಟ್ಟು, ಷೇರು ಸಿಗದಿದ್ದರೆ ಹಣ ಹಿಂದೆ ಬರಲು ವಾರಗಟ್ಟಲೆ ಕಾಯಬೇಕಾಗಿತ್ತು. ಈಗ ಹಣ ನಿಮ್ಮ ಬ್ಯಾಂಕಿನ ಖಾತೆಯಲ್ಲೇ ಇರುತ್ತದೆ. ಅದನ್ನು ಬೇರೆಯದಕ್ಕೆ ತೆಗೆಯದಂತೆ ತಡೆದಿಡುತ್ತಾರೆ ಅಷ್ಟೆ. ಷೇರು ಸಿಕ್ಕರೆ ಮಾತ್ರ ಕಡಿತವಾಗುತ್ತದೆ, ಸಿಗದಿದ್ದರೆ ತಡೆ ತೆರವಾಗುತ್ತದೆ. 2023ರ ಡಿಸೆಂಬರಿನಿಂದ ಮಾರಾಟ ಮುಗಿದ ಮೂರು ಕೆಲಸದ ದಿನಗಳೊಳಗೆ ಷೇರು ಪೇಟೆಗೆ ಬರಬೇಕೆಂಬ ನಿಯಮವಿದೆ. ಎರಡು ಲಕ್ಷ ರೂಪಾಯಿಯವರೆಗೆ ಅರ್ಜಿ ಹಾಕುವವರನ್ನು ಸಣ್ಣ ಹೂಡಿಕೆದಾರರೆಂದು ಪರಿಗಣಿಸಿ ಅವರಿಗೆ ಒಂದು ಭಾಗವನ್ನು ಮೀಸಲಿಡುತ್ತಾರೆ. ಲಾಭದ ಚರಿತ್ರೆಯಿರುವ ಕಂಪನಿಯಾದರೆ ಆ ಭಾಗ ಸಾಮಾನ್ಯವಾಗಿ ನೂರಕ್ಕೆ 35. ಅಂಥ ಚರಿತ್ರೆಯಿಲ್ಲದಿದ್ದರೆ ನೂರಕ್ಕೆ 10 ಮಾತ್ರ. ಜಾಹೀರಾತಿನಲ್ಲಿ 10 ಎಂದು ಕಂಡರೆ, ಈ ಕಂಪನಿ ಲಾಭದ ಪರೀಕ್ಷೆಯಲ್ಲಿ ಉತ್ತೀರ್ಣವಾಗದೆಯೇ ಪೇಟೆಗೆ ಬಂದಿದೆಯೆಂದು ತಿಳಿಯಬಹುದು. ಇಷ್ಟು ಸಣ್ಣ ಅಂಕಿಯೂ ಎಷ್ಟು ದೊಡ್ಡ ವಿಷಯವನ್ನು ಹೇಳುತ್ತದೆ ನೋಡಿ.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಮೋಸ ಹೋಗುವವರಿದ್ದಾರೆ. ಅವರು ಹೋಗುವುದು ಹೆಬ್ಬಾಗಿಲಿನಿಂದಲ್ಲ, ಹಿತ್ತಿಲ ಬಾಗಿಲಿನಿಂದ. ಷೇರು ಖಂಡಿತವಾಗಿ ಕೊಡಿಸುತ್ತೇವೆ, ನಮ್ಮ ಖಾತೆಗೆ ಹಣ ಕಳಿಸಿ ಎಂದು ಫೋನಿನಲ್ಲಿ ಸಂದೇಶ ಕಳಿಸುವವರನ್ನು ದೂರವಿಡಬೇಕು. ಚೀಟಿ ಎತ್ತಿ ಹಂಚುವ ಷೇರನ್ನು ಖಂಡಿತವಾಗಿ ಕೊಡಿಸಲು ಯಾರಿಂದಲೂ ಸಾಧ್ಯವಿಲ್ಲ. ದಲ್ಲಾಳಿಯ ಹೆಸರು ಸೆಬಿಯಲ್ಲಿ ನೋಂದಾಯಿತವಾಗಿದೆಯೇ ಎಂದು ಅದರ ಜಾಲತಾಣದಲ್ಲಿಯೇ ನೋಡಬಹುದು. ಪೇಟೆಗೆ ಬರುವ ಮುನ್ನವೇ ಇಷ್ಟು ಹೆಚ್ಚಿನ ಬೆಲೆ ನಡೆಯುತ್ತಿದೆ ಎಂಬ ಗಾಳಿಮಾತಿಗಂತೂ ಯಾವ ಕಾನೂನಿನ ಆಧಾರವೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಹೋಟಲಿನಲ್ಲಿ ಪಾಲು ಪಡೆಯುವ ಬೇರೊಂದು ಮಾರ್ಗವನ್ನೂ ನಮ್ಮ ನಾಡು ಕಂಡಿದೆಯೆಂಬುದನ್ನು ಇಲ್ಲಿ ಹೇಳಬಹುದು. ಕಾಫಿ ಮಂಡಲಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರು 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಇಂಡಿಯಾ ಕಾಫಿ ಹೌಸನ್ನು ತಾವೇ ನಡೆಸತೊಡಗಿದರು. ಅಲ್ಲಿ ಕಾಫಿ ತಂದಿಡುವವನೇ ಪಾಲುದಾರ. ಆ ಪಾಲಿನ ಬೆಲೆ ದಿನದಿನಕ್ಕೆ ಏರುವುದಿಲ್ಲ, ಇಳಿಯುವುದೂ ಇಲ್ಲ. ಅದರಿಂದ ಯಾರೂ ಕೋಟ್ಯಧೀಶರಾಗಲಿಲ್ಲ. ಆದರೆ ಆ ಪಾಲು ಅವನಿಗೆ ಉದ್ಯೋಗವನ್ನು ಉಳಿಸಿಕೊಟ್ಟಿತು. ಷೇರಿನಿಂದ ನಮಗೆ ಬೇಕಾದದ್ದೇನು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ, ಯಾವ ಬಗೆಯ ಪಾಲು ತಕ್ಕದ್ದೆಂಬುದು ತಾನಾಗಿಯೇ ತಿಳಿಯುತ್ತದೆ.

ಕಡೆಯದಾಗಿ ಸಂಸಾರಿಗಳಿಗೆ ಒಂದು ಮಾತು. ಮಗುವಿನ ಶಾಲೆಯ ಶುಲ್ಕ, ಮನೆಯ ಬಾಡಿಗೆ, ಮುದುಕರ ಔಷಧಿ ಇವುಗಳಿಗೆ ಮೀಸಲಾದ ಹಣ ಷೇರುಪೇಟೆಯ ಮೆಟ್ಟಿಲು ಹತ್ತಬಾರದು. ಗಣಿ ಮುಚ್ಚಿದಾಗ ಬಂದ ಗಂಟೋ, ನಿವೃತ್ತಿಯಲ್ಲಿ ಬಂದ ಗ್ರಾಚುಯಿಟಿಯೋ ಮತ್ತೆ ದುಡಿದು ಗಳಿಸಲಾಗದ ಹಣ. ಅದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಕಡಿಮೆ ಬಡ್ಡಿಗೆ ನೆಮ್ಮದಿಯಾಗಿ ಮಲಗಿದ್ದರೆ ಅದನ್ನು ಎಬ್ಬಿಸುವ ಅಗತ್ಯವಿಲ್ಲ. ಇವೆಲ್ಲ ಕಳೆದು ಐದಾರು ವರ್ಷ ಕೈ ಹಾಕಬೇಕಾಗಿ ಬರದಂಥ ಅಲ್ಪಸ್ವಲ್ಪ ಹಣವಿದ್ದರೆ, ಅರ್ಧಕ್ಕೆ ಇಳಿದರೂ ಮನೆಯ ಒಲೆ ಆರದೆಂಬ ಧೈರ್ಯವಿದ್ದರೆ, ಕಂಪನಿಯ ಲೆಕ್ಕವನ್ನು ನೋಡಿ, ಬೆಲೆಯನ್ನು ತೂಗಿ, ಸಂತೋಷವಾಗಿ ಷೇರು ಕೊಳ್ಳಿ. ದೇಶದ ಉದ್ಯಮಗಳು ಬೆಳೆಯುವುದು ಅಂಥ ಹಣದಿಂದಲೇ. ಕೋಲಾರದ ಗಣಿ ಬೆಳೆದದ್ದೂ ಅಂಥ ಹಣದಿಂದಲೇ. ಲೆಕ್ಕ ನೋಡುವಷ್ಟು ಬಿಡುವಿಲ್ಲದಿದ್ದರೆ, ಹೋಟಲಿನ ಮೇಲಿನ ಪ್ರೀತಿಯನ್ನು ಅಲ್ಲಿ ಊಟ ಮಾಡಿಯೇ ತೀರಿಸಿಕೊಳ್ಳಬಹುದು. ಅದಕ್ಕೆ ತಗಲುವ ಖರ್ಚು ಎಷ್ಟೆಂಬುದು ಬಿಲ್ಲು ಬಂದಾಗಲೇ ಗೊತ್ತಾಗಿಬಿಡುತ್ತದೆ.